ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದ ಹೊಸಮನಿ ಕೋಚ್

ಹೊಸಮನಿ ಕೋಚ್ ಬಗ್ಗೆ ನನಗೆ ನೆನಪಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಲಾಕ್‌ಡೌನಿನ ದಿನಗಳು ನನ್ನ ತಲೆಯಲ್ಲಿ ಒದ್ದೆ ಕಾಗದಗಳಂತೆ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಚಿತ್ರದ ಬಗ್ಗೆ ಮಾತ್ರ ಅನುಮಾನವಿಲ್ಲ: ಯಾವ ಬಾಗಿಲು ದಾಟುವಾಗಲೂ ಅವರು ತಲೆ ತಗ್ಗಿಸುತ್ತಿದ್ದರು. ನನಗಿಂತ ಎತ್ತರವೇನೂ ಇರಲಿಲ್ಲ. ಮಲೇಷ್ಯಾದ ಮಾಂಟ್ ಕಿಯಾರಾದಲ್ಲಿರುವ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಒಂಟೆಯೇ ನುಗ್ಗಬಹುದು. ಆದರೂ ಮಂಡಿ ಮಡಿಸಿ, ಸೊಂಟ ಇಳಿಸಿ, ಕಣ್ಣು ಮಾತ್ರ ಮೇಲೆತ್ತಿ ಒಳಗೆ ಬರುತ್ತಿದ್ದರು. ಹಾಗೆ ಬರುವವರನ್ನು ಕಂಡರೆ ಏನೋ ಬಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ನನಗೆ ಸ್ವಲ್ಪ ಹೆಚ್ಚೇ ಅನ್ನಿಸಿತು. ಬ್ಯಾಂಕ್ ವಹಿವಾಟುಗಳಲ್ಲಿ ಸಂಶಯ ಹುಟ್ಟಿಸುವಂಥದ್ದನ್ನು ಹೆಕ್ಕುವ ಪ್ರೋಗ್ರಾಮು ಬರೆಯುವುದು ನನ್ನ ಹೊಟ್ಟೆಪಾಡು.

ಅವರು ಧಾರವಾಡದವರು. ನಮ್ಮ ಮೇಲಿನ ಮಹಡಿಯಲ್ಲಿದ್ದ ಮಗಳ ಮನೆಗೆ ಮೂರು ವಾರ ಇದ್ದು ಹೋಗಲೆಂದು ಬಂದು, ವಿಮಾನಗಳು ನಿಂತು, ಅಲ್ಲೇ ಸಿಕ್ಕಿಬಿದ್ದಿದ್ದರು. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದೆ ಎನ್ನುತ್ತಿದ್ದರು. ನಾವು ಆಡುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅವರ ಫುಟ್‌ಬಾಲ್. ಅದರಲ್ಲೂ ಆಫೆನ್ಸಿವ್ ಲೈನ್ ಎಂಬ ಐದು ಜನ ದಢೂತಿಗಳಿಗೆ ಮಾತ್ರ ಇವರು ಗುರು. ಆ ಐವರು ಚೆಂಡನ್ನು ಮುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ. ಚೆಂಡು ಎಸೆಯುವವನ ಮೇಲೆ ಎದುರಾಳಿಗಳು ಬೀಳದಂತೆ ಅಡ್ಡ ನಿಲ್ಲುವುದಷ್ಟೇ ಅವರ ಕೆಲಸ.

ಧಾರವಾಡದ ಗರಡಿಯಲ್ಲಿ ಕುಸ್ತಿ ಆಡಿದ ಹುಡುಗ ಅಲ್ಲಿಗೆ ಹೇಗೆ ತಲುಪಿದ? ದೈಹಿಕ ಶಿಕ್ಷಣ ಓದಲು ಹೋದಾಗ ಒಬ್ಬ ದಪ್ಪ ಹುಡುಗನಿಗೆ ಕುಸ್ತಿಯವರಂತೆ ಕಾಲೂರಿ ನಿಲ್ಲುವುದನ್ನು ತೋರಿಸಿದರಂತೆ, ಅದನ್ನು ಅಲ್ಲಿಯ ಕೋಚ್ ನೋಡಿದನಂತೆ. ಈ ‘ಅಂತೆ’ಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅವರ ಹೆಸರು ಎಲ್ಲೂ ಇರಲಿಲ್ಲ.

ಅವರ ಮಗಳನ್ನೇ ಕೇಳಿದೆ. “ಅಪ್ಪ ಅಲ್ಲಿದ್ದಾಗ ಅಮ್ಮ, ನಾನು ಧಾರವಾಡದಾಗೇ ಇದ್ವಿ. ಬ್ಯಾಸಗಿಗೆ ಬಂದು ಹೋಗತಿದ್ರು. ಅವರು ಹೇಳಿದ್ದಷ್ಟೇ ನಮಗೂ ಗೊತ್ತು” ಎಂದರು. ಇದರಿಂದ ಸಂಶಯ ಇಮ್ಮಡಿಯಾಯಿತೇ ಹೊರತು ಕರಗಲಿಲ್ಲ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ನನ್ನ ಮಗಳು ಅನಘಾ. ಹದಿನೈದರ ಹುಡುಗಿ, ದೊಡ್ಡ ಮೈ. ಶಾಲೆಯಲ್ಲಿ ‘ಗಾಜಾ’, ಅಂದರೆ ಇಲ್ಲಿಯ ಭಾಷೆಯಲ್ಲಿ ಆನೆ, ಎಂದು ಕರೆಯುತ್ತಿದ್ದರೆಂದು ನಮಗೆ ಬಹಳ ತಡವಾಗಿ ಗೊತ್ತಾಯಿತು. ಆನ್‌ಲೈನ್ ತರಗತಿ ಶುರುವಾದದ್ದೇ ಕ್ಯಾಮೆರಾ ಮುಚ್ಚಿದಳು. ಆಮೇಲೆ ಕೋಣೆಯ ಬಾಗಿಲು. ತಟ್ಟೆಯನ್ನು ಬಾಗಿಲ ಹೊರಗಿಟ್ಟು ಬರುವ ಸ್ಥಿತಿಗೆ ಬಂದಿದ್ದೆವು.

ಒಂದು ದಿನ ಹೇಗೋ ಅವಳನ್ನು ಕೆಳಗೆ ಕರೆದೊಯ್ಯುತ್ತಿದ್ದಾಗ ಲಿಫ್ಟಿನಲ್ಲಿ ಕೋಚ್ ಸಿಕ್ಕರು. ಮಾಸ್ಕಿನ ಮೇಲಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕಾಲು ಎಷ್ಟು ಚಲೋ ಅದಾವವಾ ನಿನ್ನವು! ಇಂಥಾ ಮೈ ಸಿಗಲಿ ಅಂತ ನನ್ನ ಹುಡುಗ್ರು ಮೂರ್ಹೊತ್ತೂ ತಿಂತಿದ್ರು” ಎಂದುಬಿಟ್ಟರು.

ಹದಿನೈದರ ಹುಡುಗಿಯ ಕಾಲಿನ ಬಗ್ಗೆ ಮಾತಾಡುವ ಮುದುಕ! ಆದರೆ ಅನಘಾ ತಲೆ ಎತ್ತಿದ್ದಳು. “ವಾಟ್ ಬಾಯ್ಸ್, ತಾತಾ?” ಎಂದು ಕೇಳಿದಳು. ನಾವು ಕೇಳದೆ ಅವಳೇ ಬಾಯಿ ಬಿಟ್ಟು ಎಷ್ಟು ದಿನವಾಗಿತ್ತೋ.

ಕಟ್ಟಳೆಗಳು ಸಡಿಲವಾದಾಗ ಬೇಸ್‌ಮೆಂಟ್ ಪಾರ್ಕಿಂಗಿನ ಖಾಲಿ ಮೂಲೆಯಲ್ಲಿ ಪಾಠ ಶುರುವಾಯಿತು. ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ಹಗ್ಗವನ್ನು ಎದೆಮಟ್ಟಕ್ಕೆ ಕಟ್ಟಿ, ಅದಕ್ಕೆ ತಲೆ ತಗುಲದಂತೆ ಅಡಿಯಲ್ಲಿ ನುಗ್ಗಬೇಕು. ಅಮೆರಿಕದಲ್ಲಿ ಇದಕ್ಕೆಂದೇ ತಗ್ಗು ಸೂರಿನ ಕಬ್ಬಿಣದ ಪಂಜರ ಇರುತ್ತದಂತೆ. ಎದ್ದು ನಿಂತವನ ಹಣೆ ಕಂಬಿಗೆ ಬಡಿಯುತ್ತದಂತೆ. “ಅದರಾಗ ಹೊಕ್ಕು ಹೊಕ್ಕು ನನಗ ಎಲ್ಲಾ ಬಾಗಿಲಾನೂ ತಗ್ಗಽ ಕಾಣ್ತಾವು” ಎಂದು ನಕ್ಕರು.

ನಾನು ಕಾರು ಒರೆಸುವ ನೆಪದಲ್ಲಿ ಕಂಬದ ಹಿಂದೆ ನಿಂತು ಕಾಯುತ್ತಿದ್ದೆ. ಅವರ ಕೈ ಎಲ್ಲಿ ಹೋಗುತ್ತದೆ, ಕಣ್ಣು ಎಲ್ಲಿ ಹೋಗುತ್ತದೆ ಎಂದು. ಕಣ್ಣು ಯಾವಾಗಲೂ ಪಾದದ ಮೇಲೆ. ಮಾಮಕ್ ಎಂಬ ಇಲ್ಲಿಯ ಚಹಾ-ತಿಂಡಿ ಅಂಗಡಿಯ ದೊಡ್ಡ ಟಿವಿಯಲ್ಲಿ ಗೋಲಾಗಿ ಇಡೀ ಅಂಗಡಿ ಕಿರುಚುವಾಗಲೂ ಅವರು ಚಹಾ ತರುವ ಹುಡುಗರ ಪಾದ ನೋಡುತ್ತ ಕೂತಿರುತ್ತಿದ್ದರು.

ಅವರ ಹಣೆಯಲ್ಲಿ ಒಂದು ಗಾಯದ ಕಲೆಯಿತ್ತು. ಅನಘಾಳಿಗೆ ಅವರು ಹೇಳಿದ್ದು ಇದು: ಮೊದಲ ದಿನವೇ ಪಂಜರದ ಮುಂದಿನ ಕಂಬಿ ಬಡಿಯಿತು, ಹುಡುಗರಿಗೂ ಹಾಗಾಗದಿರಲಿ ಎಂದು ಅವ್ವ ಹಾಸಲು ಕೊಟ್ಟಿದ್ದ, ನವಿಲು ನೇಯ್ದ ನವಲಗುಂದದ ಜಮಖಾನೆಯನ್ನೇ ಹರಿದು ಕಂಬಿಗೆ ಸುತ್ತಿದೆ. ನನ್ನ ಹೆಂಡತಿ ವಿದ್ಯಾಗೆ ಹೇಳಿದ್ದು ಬೇರೆ: ಸೈಕಲ್ಲಿನಿಂದ ಬಿದ್ದದ್ದು. ಎರಡು ಕಥೆ, ಒಂದೇ ಗಾಯ. ಸಿಕ್ಕಿಬಿದ್ದರಲ್ಲ ಎಂದುಕೊಂಡೆ. ಆದರೆ ವಿದ್ಯಾ ಈಗ, “ಸೈಕಲ್ಲಾ? ನನ್ನ ಹತ್ರ ಗಾಯದ ಮಾತೇ ಆಡಿಲ್ಲ ಅವರು. ನೀವೇ ಹುಟ್ಟಿಸ್ಕೊಂಡಿದ್ದೀರ” ಎನ್ನುತ್ತಾಳೆ. ಯಾರ ನೆನಪನ್ನು ನಂಬಲಿ? ಆಗಂತೂ ಜಮಖಾನೆಯ ಕಥೆ ನನಗೆ ಎಲ್ಲಕ್ಕಿಂತ ದೊಡ್ಡ ಬುರುಡೆಯಾಗಿ ಕಂಡಿತ್ತು.

ಕೊನೆಗೆ ನೇರವಾಗಿಯೇ ಕೇಳಿದೆ. “ಸರ್, ನಿಮ್ಮ ಹೆಸರು ಎಲ್ಲೂ ಸಿಗಲ್ಲವಲ್ಲ? ಎರಡು ವರ್ಷಕ್ಕೊಂದು ಕಾಲೇಜು ಬದಲಿಸಿದೆ ಅಂತ ಬೇರೆ ಹೇಳ್ತೀರಿ. ಯಾಕೆ?”

ಸಿಟ್ಟಾಗಲಿಲ್ಲ. “ನಮ್ಮ ಧಂದೆನ ಹಂಗ್ರೀ. ತಂಡ ಸೋತ್ರ ಹೆಡ್ ಕೋಚ್‌ನ ಮನೀಗೆ ಕಳಸ್ತಾರ. ಅವನ ಹಿಂದ ನಾವೆಲ್ಲಾರೂ ಗಂಟುಮೂಟಿ ಕಟ್ಟೂದು. ಚೆಂಡು ಒಗದಾವನ ಹೆಸರು ಪೇಪರಿನಾಗ ಬರ್ತದ. ಅಡ್ಡ ನಿಂತಾವರದು ಯಾರು ಬರೀತಾರ? ಇನ್ನ ಅವರಿಗೆ ಕಲಿಸಿದಾವಂದು?” ಎಂದರು. ಪಾಠಕ್ಕೆಂದು ತಂದಿದ್ದ ದಿಂಬನ್ನು ಎತ್ತಿಕೊಂಡು, “ಕಂಬದ ಹಿಂದ ನಿಂತು ನೋಡ್ತೀರಲ್ಲ, ಅದು ಭಾಳ ಚಲೋ. ಮಗಳ ತಂದಿ ಸಂಶಯ ಪಡಬೇಕ್ರಿ. ಲೈನಿನ ಹುಡುಗ್ರಿಗೆ ನಾ ಕಲಿಸೂದೂ ಅದನ್ನ. ಎದುರಿನಾಂವ ಎಡಕ್ಕ ನೋಡಿದ್ರ ಬಲಕ್ಕ ಬರ್ತಾನ ಅಂತ ತಿಳ್ಕೋ, ಯಾರನ್ನೂ ನಂಬಬ್ಯಾಡ. ಆದ್ರ ದೂರ ನಿಂತು ಸಂಶಯ ಪಟ್ರ ಏನೂ ತಿಳ್ಯಾಂಗಿಲ್ಲ. ಬರ್ರಿ, ಈ ದಿಂಬು ಹಿಡೀರಿ.”

ಸೋಫಾದ ದಿಂಬನ್ನು ಎದೆಗವಚಿ ನಿಂತೆ. ಅನಘಾ ಹಗ್ಗದಾಚೆ ಕೂತ ಭಂಗಿಯಲ್ಲಿದ್ದಳು. “ಅಪ್ಪನ ಮಾರಿ ನೋಡಬ್ಯಾಡವಾ, ಪಾದ ನೋಡು” ಎಂದರು ಕೋಚ್. ಅವಳು ಹಗ್ಗದಡಿ ನುಗ್ಗಿ ಬಂದಳು. ನಾನು ಹಿಂದಿದ್ದ ಕಾರಿನ ಬಾನೆಟ್ಟಿನ ಮೇಲೆ ಅಂಗಾತ ಬಿದ್ದೆ. ಅಲಾರಂ ಕಿರುಚತೊಡಗಿತು.

“ಅಪ್ಪಾ, ಯು ಓಕೆ ಆ?” ಎಂದು ಓಡಿ ಬಂದವಳು ನನ್ನ ಮುಖ ನೋಡಿ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಳು. ಆ ಸಂಜೆ ಅವಳ ಕೋಣೆಯ ಬಾಗಿಲು ತೆರೆದಿತ್ತು ಎಂದು ನನಗೆ ನೆನಪು. ಮರುದಿನ ಎನ್ನುತ್ತಾಳೆ ವಿದ್ಯಾ.

ವಿಮಾನಗಳು ಶುರುವಾದಾಗ ಕೋಚ್ ಊರಿಗೆ ಹೊರಟರು. ಲಿಫ್ಟಿನ ಬಾಗಿಲಲ್ಲಿ ನಮಸ್ಕರಿಸಿ ಅನಘಾಳಿಗೆ, “ತಗ್ಗಿ ಹೋಗು, ಕುಗ್ಗಿ ಹೋಗಬ್ಯಾಡ. ಎರಡೂ ಬ್ಯಾರೆ ಬ್ಯಾರೆ” ಎಂದರು. ಮಂಡಿ ಮಡಿಸಿ, ಸೊಂಟ ಇಳಿಸಿ ಒಳಗೆ ಹೋದರು. ಅದೇ ಕೊನೆ. ಮುಂದಿನ ವರ್ಷ ಧಾರವಾಡದಲ್ಲಿ ತೀರಿಕೊಂಡರೆಂದು ಅವರ ಮಗಳು ತಿಳಿಸಿದರು.

ಸುದ್ದಿ ಕೇಳಿದ ದಿನ ಅನಘಾ ನನ್ನೆದುರು ಬಂದು ನಿಂತಳು. ಆ ಹೊತ್ತಿಗೆ ಅವಳು ಶಾಲೆಯ ರಗ್ಬಿ ತಂಡ ಸೇರಿದ್ದಳು. “ಯು ನೆವರ್ ಬಿಲೀವ್ಡ್ ಹಿಮ್” ಎಂದಳು. ನಂಬಿದ್ದೆ ಎಂದರೆ ಸುಳ್ಳಾಗುತ್ತಿತ್ತು.

ಆಫೀಸಿನ ಕೆಲಸಕ್ಕೆ ಅಮೆರಿಕಕ್ಕೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು, ಬಾಡಿಗೆ ಕಾರಿನಲ್ಲಿ ಅವರು ಹೇಳುತ್ತಿದ್ದ ಮೊದಲ ಕಾಲೇಜಿಗೆ ಹೋದೆ. ಜೋಳದ ಹೊಲಗಳ ನಡುವಿನ ಸಣ್ಣ ಊರು. ಅಲ್ಲಿಯ ಯಾರಿಗೂ ಅವರ ಹೆಸರು ನೆನಪಿರಲಿಲ್ಲ. ಆಟದ ಮೈದಾನ ನೋಡಿಕೊಳ್ಳುವವನು ಹಳೆಯ ಶೆಡ್ಡಿನ ಬೀಗ ತೆಗೆದುಕೊಟ್ಟ. ಮೂಲೆಯಲ್ಲಿ ತುಕ್ಕು ಹಿಡಿದ, ಎದೆಮಟ್ಟದ ಕಬ್ಬಿಣದ ಪಂಜರವಿತ್ತು. ಅದರ ಮುಂದಿನ ಕಂಬಿಗೆ ಪದರ ಪದರವಾಗಿ ಕಪ್ಪು ಟೇಪು ಸುತ್ತಲಾಗಿತ್ತು. ಒಂದು ಕಡೆ ಸಡಿಲವಾಗಿದ್ದ ತುದಿಯನ್ನು ಉಗುರಿನಿಂದ ಎಬ್ಬಿಸಿ, ಫೋಟೊ ತೆಗೆದು ಅನಘಾಳಿಗೆ ಕಳಿಸಿದೆ.

ಗಾಯ ಹೇಗಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಟೇಪಿನ ಅಡಿಯಲ್ಲಿದ್ದದ್ದು ಮಾತ್ರ ಜಮಖಾನೆ. ಕೆಂಪು, ಹಳದಿ ನೂಲು. ಹರಿದ ಅಂಚಿನಲ್ಲಿ ಅರ್ಧ ನವಿಲು.