ಬೀಗ ಒಡೆಸಿದ ಶಸ್ತ್ರವೈದ್ಯೆ ಡಾ. ರೇಣುಕಾದೇವಿ

ಗುದನಾಳದ ಕ್ಯಾನ್ಸರಿಗೆ ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ನಾಲ್ಕೈದು ಸಣ್ಣ ರಂಧ್ರಗಳಿಂದಲೇ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಕೊಪ್ಪಳ ಸೀಮೆಗೆ ತೋರಿಸಿಕೊಟ್ಟವರಲ್ಲಿ ಡಾ. ರೇಣುಕಾದೇವಿಯವರ ಹೆಸರು ಮುಂಚೂಣಿಯದು. ಅವರ ಸಿಟ್ಟಿನ ಹೆಸರು ಅದಕ್ಕಿಂತ ದೊಡ್ಡದು. 1997ರಲ್ಲಿ ಯಲಬುರ್ಗಾದಲ್ಲಿ ಸೇವೆಗೆ ಸೇರಿದಂದಿನಿಂದ, ಮಲದಲ್ಲಿ ರಕ್ತ ಕಂಡವರಿಗೆ ಬೆರಳಿಟ್ಟು ಪರೀಕ್ಷಿಸದೆಯೇ ಮೂಲವ್ಯಾಧಿಯ ಮುಲಾಮು ಬರೆದುಕೊಡುವವರನ್ನು ಅವರು ಮುಖ ಮೂತಿ ನೋಡದೆ ಬೈಯುತ್ತಲೇ ಬಂದರು.

2016ರಲ್ಲಿ, ಅವರು ದುಡಿಯುತ್ತಿದ್ದ ಗಂಗಾವತಿಯ ಧರ್ಮಾರ್ಥ ಆಸ್ಪತ್ರೆಗೆ, ಹೀಗೆ ಸಣ್ಣ ರಂಧ್ರಗಳಿಂದ ಶಸ್ತ್ರಚಿಕಿತ್ಸೆ ಮಾಡಲು ಬೇಕಾದ ಲ್ಯಾಪರೋಸ್ಕೋಪ್ ಯಂತ್ರ ಬಂತು. ಬಂದದ್ದು ಬೀಗ ಹಾಕಿದ ಕೋಣೆಗೆ! ದೊಡ್ಡವರೊಬ್ಬರು ಬಂದು ರಿಬ್ಬನ್ ಕತ್ತರಿಸುವತನಕ ಯಾರೂ ಮುಟ್ಟುವಂತಿಲ್ಲವಂತೆ. ಗುದನಾಳದ ಕ್ಯಾನ್ಸರಿನಿಂದ ಬಂದಿದ್ದ ಕುಷ್ಟಗಿಯ ದುರುಗಪ್ಪನಿಗೆ ಆಡಳಿತ ಮಂಡಳಿಯವರು 'ಎರಡು ವಾರ ತಡಿ' ಎಂದರು. ಎರಡು ವಾರ ಮೂರು ತಿಂಗಳಾಯಿತು. ಅಷ್ಟರಲ್ಲಿ ರೋಗ ಅವನ ಯಕೃತ್ತಿಗೂ ಹಬ್ಬಿತ್ತು. ಮುಂದಿನ ಯುಗಾದಿಯನ್ನು ಅವನು ಕಾಣಲಿಲ್ಲ.

ಮುಂದಿನ ಸರದಿ ಸಿದ್ದಾಪುರದ ಹುಲಿಗವ್ವಳದು. ವಿಕಿರಣ ಚಿಕಿತ್ಸೆ ಮುಗಿದಿತ್ತು, ಕೆಲವೇ ವಾರಗಳಲ್ಲಿ ಗಡ್ಡೆ ತೆಗೆಯಲೇಬೇಕಿತ್ತು. ಮಲ ಹೋಗಲು ಹೊಟ್ಟೆಗೆ ಕಾಯಂ ಚೀಲ ಬಿದ್ದೀತೆಂಬುದೇ ಅವಳ ಭಯ; ಆ ಯಂತ್ರ ಸಿಕ್ಕರೆ ಅದು ತಪ್ಪುವ ಆಸೆಯಿತ್ತು. "ಚೀಲ ಕಟ್ಟಿಗೊಂಡು ಗದ್ದ್ಯಾಗ ಹೆಂಗ ಬಗ್ಗಲ್ರಿ ಡಾಕ್ಟರ್ ಬಾಯಾರ? ನಾಟಿ ಬಿಟ್ರ ನನಗ ಯಾವ ಕೆಲಸ ಬರ್ತೈತ್ರಿ?"

ಆಡಳಿತ ಮಂಡಳಿಯ ಗೋವಿಂದರಾಜರು ಮತ್ತದೇ ರಾಗ ತೆಗೆದರು: "ಇನ್ನ ಹದಿನೈದು ದಿನ ತಡೀರಿ ಮೇಡಮ್, ಸಾಹೇಬ್ರ ಡೇಟ್ ಸಿಗ್ತೈತಿ."

"ಕ್ಯಾನ್ಸರ್ ನಿಮ್ಮ ಸಾಹೇಬ್ರನ್ನ ಕೇಳಿ ಬೆಳೀತೈತೇನ್ರೀ?" ಎಂದವರೇ ರೇಣುಕಾದೇವಿಯವರು ನರ್ಸ್ ತಾಜಬೀಯವರನ್ನು ಕರೆದು, ಎಲ್ಲರೆದುರೇ ಬೀಗ ಒಡೆಸಿದರು.

ಮರುದಿನ ಐದು ತಾಸಿನ ಶಸ್ತ್ರಚಿಕಿತ್ಸೆ. ಹುಲಿಗವ್ವಳ ಚೀಲ ಮೂರು ತಿಂಗಳಿಗಷ್ಟೇ ಇತ್ತು, ಆಮೇಲೆ ಅದನ್ನೂ ತೆಗೆದರು. ಮುಂದಿನ ಮುಂಗಾರಿಗೆ ಅವಳು ನಾಟಿಗೆ ಇಳಿದಳು.

ನಾಚಿಕೆಗೇಡೆಂದರೆ, ಉದ್ಘಾಟನೆ ಆಮೇಲೂ ನಡೆಯಿತು! ವೇದಿಕೆಯ ಮೇಲೆ ಡಾಕ್ಟರರ ಧೈರ್ಯವನ್ನು ಬಾಯ್ತುಂಬ ಹೊಗಳಿ ಶಾಲು ಹೊದಿಸಿದರು. ರೇಣುಕಾದೇವಿಯವರು ಶಾಲು ತೆಗೆದಿಟ್ಟು ಮೈಕ್ ಹಿಡಿದರು.

"ಹುಲಿಗವ್ವ ಉಳದಾಳ, ಖರೆ. ದುರುಗಪ್ಪನ್ನ ನಾವು ಕಾಯಿಸಿ ಕೊಂದ್ವಿ. ಇವರು ತಡೀರಿ ಅಂದ್ರು, ನಾನೂ ತಡದೆ. ಅವ ಬಂದಾಗ ಈ ಸಿಟ್ಟು ನನಗ ಯಾಕ ಬರಲಿಲ್ಲ?"



ಈಗ ನಿವೃತ್ತರಾಗುತ್ತಿರುವ ಡಾಕ್ಟರರು ನೂರ್ಕಾಲ ಬಾಳಲಿ, ಕಿರಿಯರಿಗೆ ಈ ವಿದ್ಯೆ ಕಲಿಸುತ್ತಿರಲಿ. ವಿದ್ಯೆಯ ಜೊತೆ ಆ ಸಿಟ್ಟನ್ನೂ ಕಲಿಸಲಿ, ಅದು ಅವರಿಗೆ ಹೊತ್ತಿಗೆ ಸರಿಯಾಗಿ ಬರಲಿ.