ನಟ್ಟುಗಳು ದುಡ್ಡಾದ ದಿನ

ನಾನು ಚಿಕ್ಕವನಿದ್ದಾಗ, ಒಂದು ಆಯುಧಪೂಜೆಯ ದಿನ ಪೀಣ್ಯದಲ್ಲಿ ನಟ್ಟುಗಳು ದುಡ್ಡಾಗಿ ಓಡಾಡಿದ್ದವು. ನಗಬೇಡಿ ಮಕ್ಕಳೇ. ಬೋಲ್ಟಿಗೆ ತಿರುಗಿಸಿ ಬಿಗಿ ಮಾಡುತ್ತಾರಲ್ಲ, ಆ ಕಬ್ಬಿಣದ ನಟ್ಟುಗಳೇ. ಮೊನ್ನೆ ಊಟಕ್ಕೆ ಕೂತಾಗ ನೀವಿಬ್ಬರೂ ‘ಎಲ್ಲದರ ರೇಟೂ ಯಾಕೆ ತಾತ ಏರ್ತಾನೇ ಇರುತ್ತೆ’ ಎಂದು ಕೇಳಿದಿರಿ. ಟಿವಿಯಲ್ಲಿ ಕೋಟು ಹಾಕಿಕೊಂಡವರು ಅದನ್ನು ಗಂಟೆಗಟ್ಟಲೆ ವಿವರಿಸುತ್ತಾರೆ. ಅವರು ಮುಗಿಸುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ. ಬೆಲೆಯ ಬಗ್ಗೆ, ಸಾಲದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಹಬ್ಬದಲ್ಲಿ ಕಣ್ಣಾರೆ ಕಂಡದ್ದು.

ಆಗ ನಮ್ಮೂರು ಪೀಣ್ಯಕ್ಕೆ ಅಂಟಿಕೊಂಡೇ ಇತ್ತು. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಹೊಸದಾಗಿ ಎದ್ದ ಶೀಟಿನ ಷೆಡ್ಡುಗಳು. ಬೆಳಿಗ್ಗೆ ಬಾಗಿಲು ತೆರೆದಾಗ ಗಾಳಿ ಹೊಲದ ಕಡೆಯಿಂದ ಬಂದರೆ ತೆನೆಯ ಹಸಿ ವಾಸನೆ, ಷೆಡ್ಡಿನ ಕಡೆಯಿಂದ ಬಂದರೆ ಕಾದ ಕಬ್ಬಿಣದ ಮತ್ತು ಎಣ್ಣೆಯ ವಾಸನೆ. ಮಧ್ಯಾಹ್ನ ಹುಣಸೆಮರದ ಕೆಳಗೆ ಮಲಗಿದರೆ ದೂರದಲ್ಲಿ ಕಬ್ಬಿಣ ಕೆತ್ತುವ ಲೇತ್ ಮೆಷೀನುಗಳು ತಿರುಗುವ ಸದ್ದು ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿತ್ತು. ಆ ಸದ್ದಿಗೆ ಬರುತ್ತಿದ್ದಂಥ ನಿದ್ದೆ ನನಗೆ ಮತ್ತೆಂದೂ ಬಂದಿಲ್ಲ.

ನನ್ನ ಅಕ್ಕನಿಗೆ ದೂರದ್ದು ಯಾವುದೂ ಕಾಣುತ್ತಿರಲಿಲ್ಲ. ಎದುರಿಗೆ ಬಂದವರು ಅಪ್ಪನೋ ಪಕ್ಕದ ಮನೆಯವರೋ ಎಂದು ಅವಳು ಹೆಜ್ಜೆಯ ಸದ್ದಿನಲ್ಲಿ ತಿಳಿಯುತ್ತಿದ್ದಳು. ಸಂಜೆ ಷೆಡ್ಡುಗಳ ದೀಪ ಹತ್ತಿದರೆ, ‘ನೋಡೋ, ಒಂದೊಂದು ದೀಪವೂ ದೊಡ್ಡ ಸೇವಂತಿಗೆ ಹೂವಿನಂಗದೆ’ ಎನ್ನುತ್ತಿದ್ದಳು. ನನಗೆ ಬರೀ ಬಲ್ಬು ಕಾಣುತ್ತಿತ್ತು. ಅವಳಿಗೆ ಕಾಣುವ ಹೂವು ನನಗೂ ಕಾಣಲಿ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆದರೆ ಶಾಲೆಯಲ್ಲಿ ಕಪ್ಪುಹಲಗೆಯೂ ಅವಳಿಗೆ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಸದಿದ್ದರೆ ಹೈಸ್ಕೂಲಿಗೆ ಕಳಿಸಿ ಪ್ರಯೋಜನವಿಲ್ಲ ಎಂದು ಮೇಷ್ಟ್ರು ಅಪ್ಪನಿಗೆ ಹೇಳಿದ್ದರು. ಅಪ್ಪನ ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ.

ಅಕ್ಕ ಅಳುತ್ತಾ ಕೂರುವವಳಲ್ಲ. ಮುಂಗಾರಿನಲ್ಲಿ ದನದ ಕೊಟ್ಟಿಗೆಯ ಪಕ್ಕ ಬೂದುಗುಂಬಳದ ಬೀಜ ಹಾಕಿದಳು. ಬಳ್ಳಿ ಮಾಡಿಗೆ ಹತ್ತಿತು, ಬೇಲಿಗೆ ಹಬ್ಬಿತು, ಪಕ್ಕದವರ ಸೀಗೆಮೆಳೆಯನ್ನೂ ಬಿಡಲಿಲ್ಲ. ಹಬ್ಬ ಹತ್ತಿರವಾಗುವ ಹೊತ್ತಿಗೆ ಮಾಡಿನ ತುಂಬ ಬಿಳೀ ಬೂದಿ ಬಳಿದುಕೊಂಡ ಕಾಯಿಗಳು ಮಲಗಿದ್ದವು. ಆಯುಧಪೂಜೆಯ ದಿನ ಷೆಡ್ಡಿನವರು ಒಂದೊಂದು ಮೆಷೀನಿಗೂ ಒಂದೊಂದು ಬೂದುಗುಂಬಳ ನಿವಾಳಿಸಿ, ಕುಂಕುಮ ತುಂಬಿ ಒಡೆಯುತ್ತಾರೆ ಎಂದು ಅಕ್ಕನಿಗೆ ಗೊತ್ತಿತ್ತು. ಕಾಯಿ ಮಾರಿದ ದುಡ್ಡಿನಲ್ಲಿ ಕನ್ನಡಕ ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು.

ಹಬ್ಬದ ಹಿಂದಿನ ದಿನ ಮಂಡಿಯವನೊಬ್ಬ ಮನೆಗೇ ಬಂದು ಅಷ್ಟೂ ಕಾಯಿಗೆ ಒಂದು ರೇಟು ಹೇಳಿದ. ಕನ್ನಡಕಕ್ಕೆ ಅದು ಹೆಚ್ಚುಕಮ್ಮಿ ಸಾಲುತ್ತಿತ್ತು. ಅಪ್ಪ, ‘ಕೊಟ್ಬುಡವ್ವ, ಕೈಗೆ ಬಂದಿದ್ದು ಬಂತು’ ಎಂದ. ಅಕ್ಕ ಒಪ್ಪಲಿಲ್ಲ. ಹಬ್ಬದ ದಿನವೇ ಹೋದರೆ ಎರಡು ಪಟ್ಟು ಸಿಗುತ್ತದೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ‘ನಿನ್ ಕಾಯಿ, ನಿನ್ನಿಷ್ಟ’ ಎಂದ ಅಪ್ಪ.

ಮರುದಿನ ಬೆಳಗಿನ ಮಂಜಿನಲ್ಲಿ ಎತ್ತಿನ ಗಾಡಿ ಕಟ್ಟಿದೆವು. ಹುಲ್ಲಿನ ಮೇಲೆ ಕಾಯಿಗಳು, ಕಾಯಿಗಳ ನಡುವೆ ನಾನು. ಕಾಯಿ ಮುಟ್ಟಿದರೆ ಅಂಗೈಗೆ ಬೂದಿ ಹತ್ತುತ್ತಿತ್ತು. ಮಂಜು ಕರಗಿದಂತೆ ಷೆಡ್ಡುಗಳು ಒಂದೊಂದಾಗಿ ಕಾಣಿಸಿದವು. ಬಾಗಿಲಿಗೆಲ್ಲ ಬಾಳೆಕಂದು, ಮೆಷೀನುಗಳ ಕೊರಳಿಗೆಲ್ಲ ಚೆಂಡುಹೂವಿನ ಮಾಲೆ. ಯಾವತ್ತೂ ನಿಲ್ಲದ ಆ ಗುಂಯ್ ಸದ್ದು ಅವತ್ತು ನಿಂತಿತ್ತು. ಊದುಬತ್ತಿಯ ಹೊಗೆಯಲ್ಲಿ ಮೆಷೀನುಗಳು ಸ್ನಾನ ಮಾಡಿ ಕೂತ ಮದುಮಕ್ಕಳ ಹಾಗೆ ಸುಮ್ಮನಿದ್ದವು.

ಅಪ್ಪ ಗಾಡಿಯ ಹತ್ತಿರ ನಿಂತ. ಅಕ್ಕ ಒಂದು ಕಾಯಿ ಎತ್ತಿಕೊಂಡು, ನಾನು ಅವಳ ಲಂಗ ಹಿಡಿದುಕೊಂಡು ಮೊದಲ ಷೆಡ್ಡಿಗೆ ಹೋದೆವು. ಅಲ್ಲಿದ್ದವರು ಧಾರವಾಡದ ಕಡೆಯಿಂದ ಬಂದವರು. ಬ್ಯಾಂಕಿನಿಂದ ಸಾಲ ತೆಗೆದು ಹೊಸ ಲೇತ್ ಹಾಕಿಸಿದ್ದರು. ನಾನು ಅವರನ್ನು ಲೇತ್ ಮಾಮ ಎಂದೇ ಕರೆಯುತ್ತಿದ್ದೆ. ಹಿಂದಿನ ದಿನ ಕೊಂಡ ಕಾಯಿಗಳು ಅವರಿಗೆ ಸಾಲದೆ ಬಂದಿದ್ದವು. ಆ ವರ್ಷ ಬ್ಯಾಂಕಿನವರು ಅನೇಕರಿಗೆ ಸಾಲ ಕೊಟ್ಟಿದ್ದರಿಂದ ಎಲ್ಲ ಷೆಡ್ಡಿನಲ್ಲೂ ಮೆಷೀನು ಹೆಚ್ಚಾಗಿದ್ದವು, ಕಾಯಿ ಎಲ್ಲರಿಗೂ ಬೇಕಾಗಿತ್ತು. ಅಕ್ಕ ಎರಡು ಪಟ್ಟು ರೇಟು ಹೇಳಿದಳು. ಮಾಮ ಚೌಕಾಸಿಯನ್ನೇ ಮಾಡಲಿಲ್ಲ. ಆದರೆ ದುಡ್ಡೂ ಕೊಡಲಿಲ್ಲ.

‘ಇವತ್ತ ರೊಕ್ಕ ಹೊರಗ ಕೊಡಂಗಿಲ್ಲ ತಂಗಿ. ಪೆಟ್ಟಿಗಿ ಪೂಜಾಕ್ಕ ಇಟ್ಟೀನಿ. ಹಬ್ಬ ಮುಗಿಸಿ ಬಾಗಲಾ ತೆಗಿತೀನಲ್ಲ, ಅವತ್ತ ಬಾ.’

ನೋಡಿದರೆ ದುಡ್ಡಿನ ಪೆಟ್ಟಿಗೆ ಲೇತಿನ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಪೂಜೆಗೆ ಇಟ್ಟ ಲಕ್ಷ್ಮಿಯನ್ನು ಆ ದಿನ ಹೊರಗೆ ಕಳಿಸುವುದುಂಟೇ? ನಮ್ಮ ಮನೆಯಲ್ಲೂ ಸಂಜೆ ದೀಪ ಹಚ್ಚಿದ ಮೇಲೆ ಯಾರಿಗೂ ಕಾಸು ಕೊಡುತ್ತಿರಲಿಲ್ಲ. ಗೊತ್ತಿದ್ದ ಸಂಗತಿಯೇ ಅಕ್ಕನಿಗೆ ಹೊಳೆದಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಹಬ್ಬ ಕಳೆದರೆ ಬೂದುಗುಂಬಳ ಮಜ್ಜಿಗೆಹುಳಿಗೆ ಬಿಟ್ಟರೆ ಇನ್ಯಾತಕ್ಕೆ?

ಅವಳಿಗೆ ಇನ್ನೂ ಒಂದು ಚಿಂತೆ ಇತ್ತು. ‘ನಂಗೆ ಬೋರ್ಡು ಕಾಣಲ್ಲ ಮಾಮ, ಕನ್ನಡಕಕ್ಕೇ ಈ ಕಾಯಿ ಮಾರ್ತಿರೋದು. ಎಲ್ಲಾ ಷೆಡ್ಡೂ ಒಂದೇ ತರ ಅವೆ. ಆಮೇಲೆ ಬಂದ್ರೆ ಯಾರು ಕೊಡ್ಬೇಕು ಅಂತ ಎಂಗೆ ತಿಳ್ಕೊಳ್ಳಲಿ?’ ಎಂದಳು. ನನಗೆ ಆಗಿನ್ನೂ ಅಕ್ಷರ ಬರುತ್ತಿರಲಿಲ್ಲ, ನಾನು ಓದಿ ಹೇಳುವಂತಿರಲಿಲ್ಲ. ಲೇತ್ ಮಾಮ ಒಂದು ಗಳಿಗೆ ಅವಳ ಕಣ್ಣನ್ನೇ ನೋಡಿದರು. ಡಬ್ಬಿಯಿಂದ ದಪ್ಪ ನಟ್ಟುಗಳನ್ನು ತೆಗೆದು, ಒಂದೊಂದು ಕಾಯಿಗೆ ಒಂದರಂತೆ ಅವಳ ಕೈಗೆ ಹಾಕಿದರು. ‘ಇಷ್ಟ ದೊಡ್ಡ ನಟ್ಟು ಈ ಸಾಲಿನಾಗ ನಂದಷ್ಟ. ಬೆರಳಿಗೆ ತಿಳಿತೈತಿ. ಇದನ್ನ ಕೊಡು, ರೊಕ್ಕ ಒಯ್ಯಿ.’

ಪಕ್ಕದ ಷೆಡ್ಡಿನವರೂ ಹಾಗೇ ಮಾಡಿದರು. ಒಬ್ಬರದು ಕಡಲೆಕಾಳಿನಷ್ಟು ಸಣ್ಣದು, ಇನ್ನೊಬ್ಬರದು ನೆಲ್ಲಿಕಾಯಿ ಗಾತ್ರದ್ದು. ಕೈಯಿಂದ ಕಾಸು ಬಿಚ್ಚುವ ಗೋಜು ಇಲ್ಲದಿದ್ದರೆ ರೇಟಿಗೆ ಯಾರೂ ತಕರಾರು ಮಾಡುವುದಿಲ್ಲ ಎಂದು ನಾನು ಕಂಡುಕೊಂಡದ್ದು ಅವತ್ತೇ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಗಾಡಿ ಖಾಲಿ, ಅಕ್ಕನ ಮಡಿಲಿನ ತುಂಬ ನಟ್ಟು. ನಡೆದರೆ ಘಲ್ ಘಲ್ ಎನ್ನುತ್ತಿದ್ದಳು. ಅಪ್ಪ ಮಾತ್ರ, ‘ಕಾಯಿ ಕೊಟ್ಟು ಕಬ್ಬಿಣ ತಂದ್ಯಲ್ಲವ್ವ’ ಎಂದು ಹಣೆ ಚಚ್ಚಿಕೊಂಡ.

ನನಗೆ ಹಸಿವು. ಷೆಡ್ಡುಗಳ ಸಾಲಿನ ಕೊನೆಯಲ್ಲಿ ಪುರಿ ಅಜ್ಜಿ ಕೂತಿದ್ದಳು. ಹಬ್ಬಕ್ಕೆಂದು ಮೂಟೆ ಮೂಟೆ ಕಡ್ಲೆಪುರಿ ತಂದಿದ್ದಳು. ಹೊಸ ಪುರಿಯ ಬಿಸಿ ಮರಳಿನ ಘಮ ದಾರಿ ತುಂಬಾ ಹರಡಿತ್ತು. ಅಕ್ಕ ಸಂಕೋಚದಿಂದ ಒಂದು ನಟ್ಟು ಮುಂದೆ ಹಿಡಿದಳು. ಅಜ್ಜಿ ಅದನ್ನು ತಿರುಗಿಸಿ ನೋಡಿ, ‘ಲೇತ್‌ನೋರ್ದಾ? ಅವ್ರು ಮಾತಿಗೆ ತಪ್ಪೋರಲ್ಲ. ತಗಾ’ ಎಂದು ನನ್ನ ಟವಲಿನ ತುಂಬ ಪುರಿ ಸುರಿದಳು. ನನ್ನ ಪಾಲಿಗೆ ಅದು ಮಾಯಾಜಾಲ! ಕಬ್ಬಿಣ ಕೊಟ್ಟರೆ ಪುರಿ ಬಂತು.

ಪಕ್ಕದಲ್ಲಿದ್ದ ಹೂವಿನವರು ಅಜ್ಜಿಯಿಂದ ಪುರಿ ಕೊಳ್ಳಲು ತಮಗೆ ಷೆಡ್ಡಿನವರು ಕೊಟ್ಟ ನಟ್ಟು ತಂದರು. ನಿಂಬೆಹಣ್ಣಿನವರು ಹೂವಿಗೆ ನಟ್ಟು ಕೊಟ್ಟರು. ಆ ಬಿಸಿಲು, ಆ ಹೊಗೆ, ಆ ಚೆಂಡುಹೂವಿನ ನಡುವೆ ನಟ್ಟುಗಳು ಕೈಯಿಂದ ಕೈಗೆ ಹೋಗುವುದನ್ನು ನಾನು ಪುರಿ ಜಗಿಯುತ್ತಾ ನೋಡುತ್ತಿದ್ದೆ. ಪೆಟ್ಟಿಗೆಗಳೆಲ್ಲ ಮುಚ್ಚಿದ್ದರೂ ಸಂತೆ ನಿಂತಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅದು ನಿಜವಾಗಿ ಕಂಡದ್ದೋ ಕನಸಿನಲ್ಲಿ ಕಂಡದ್ದೋ ಎಂದು ಅನುಮಾನ ಬರುತ್ತದೆ.

ಅಷ್ಟರಲ್ಲಿ ಹುಡುಗರಿಗೆ ಸುದ್ದಿ ಮುಟ್ಟಿತು. ಷೆಡ್ಡುಗಳ ಹಿಂದೆ ಕಸದ ಗುಡ್ಡೆಯಲ್ಲಿ ಹಳೇ ನಟ್ಟುಗಳಿಗೇನು ಬರವೇ? ಚಡ್ಡಿ ಜೇಬು ತುಂಬಿಕೊಂಡು ಬಂದರು. ಅಜ್ಜಿಗೆ ಯಾವುದು ಕೊಟ್ಟ ನಟ್ಟು, ಯಾವುದು ಹೆಕ್ಕಿದ ನಟ್ಟು ಎಂದು ತಿಳಿಯುತ್ತಿರಲಿಲ್ಲ. ಹಬ್ಬದ ದಿನ ಮಕ್ಕಳನ್ನು ಬೈಯುವ ಮನಸ್ಸೂ ಬರಲಿಲ್ಲ. ಬುಟ್ಟಿಯಲ್ಲಿ ನಟ್ಟು ಏರುತ್ತಾ ಹೋಯಿತು, ಮೂಟೆಯಲ್ಲಿ ಪುರಿ ಇಳಿಯುತ್ತಾ ಹೋಯಿತು. ಮೊದಲು ನಟ್ಟಿಗೆ ಒಂದು ಸೇರು ಕೊಡುತ್ತಿದ್ದವಳು ಆಮೇಲೆ ಒಂದು ಪಾವು ಕೊಟ್ಟಳು, ಸಂಜೆ ಹೊತ್ತಿಗೆ ಒಂದು ಹಿಡಿ. ಪುರಿ ಇದ್ದದ್ದು ಅಷ್ಟೇ, ನಟ್ಟು ಮಾತ್ರ ಹೆಚ್ಚಾಯಿತು. ರೇಟು ಏರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ ಮಕ್ಕಳೇ, ಮಳೆ ಕೈಕೊಟ್ಟರೂ ಏರುತ್ತದೆ. ಆದರೆ ಹೀಗೂ ಏರುತ್ತದೆ.

ಹಬ್ಬದ ರಜೆ ಮುಗಿದು ಷೆಡ್ಡುಗಳ ಬಾಗಿಲು ತೆರೆದ ದಿನ ನಾವು ಮತ್ತೆ ಹೋದೆವು. ಪುರಿ ಅಜ್ಜಿಯೂ ಬುಟ್ಟಿ ಹೊತ್ತು ಬಂದಿದ್ದಳು. ಆ ಬುಟ್ಟಿ ನೋಡಿ ಷೆಡ್ಡಿನವರೆಲ್ಲ ಓಡಿ ಬಂದು ಸುತ್ತ ನಿಂತರು. ತಾವು ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ನಟ್ಟು ವಾಪಸು ಬಂದಿದೆಯಲ್ಲ! ಎಲ್ಲರೂ ಗುಂಪು ಸೇರಿ ಮಾತಾಡಿಕೊಂಡರು. ಒಬ್ಬ ಯಜಮಾನರು ಮುಂದೆ ಬಂದು, ‘ನಾವು ಯಾರ ಕೈಗೆ ಕೊಟ್ವೋ ಅವರು ತಂದ್ರೆ ಮಾತ್ರ ದುಡ್ಡು. ಈ ಹುಡುಗಿಗೆ ಕೊಡ್ತೀವಿ. ಅಜ್ಜಿ, ನಿಮ್ದು ಆಗಲ್ಲ’ ಎಂದರು.

ಅಜ್ಜಿ ಜಗಳ ಮಾಡಲಿಲ್ಲ. ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಟ್ಟುಗಳಲ್ಲಿ ಕೈಯಾಡಿಸಿದಳು. ಮತ್ತೆ ಪುರಿ ಹುರಿಯಲು ಅಕ್ಕಿ ತರುವುದಕ್ಕೆ ಅವಳ ಹತ್ತಿರ ಬಿಡಿಗಾಸು ಇರಲಿಲ್ಲ. ಅಪ್ಪ ಅಕ್ಕನ ಭುಜ ಮುಟ್ಟಿ, ‘ನಿಂದು ಇಸ್ಕೊ ನಡಿಯವ್ವ’ ಎಂದು ಪಿಸುಗುಟ್ಟಿದ. ಅಕ್ಕನಿಗೆ ಕನ್ನಡಕ ಇನ್ನು ಒಂದು ಕೈಯಳತೆಯ ದೂರ.

ಅವಳು ನಡೆದು ಹೋಗಿ ತನ್ನ ಮಡಿಲಿನ ಅಷ್ಟೂ ನಟ್ಟುಗಳನ್ನು ಅಜ್ಜಿಯ ಬುಟ್ಟಿಗೆ ಸುರಿದಳು. ಝಲ್ ಎಂದ ಸದ್ದಿಗೆ ಎಲ್ಲರೂ ತಿರುಗಿದರು. ಎರಡೂ ಕೈ ಹಾಕಿ ಚೆನ್ನಾಗಿ ಕಲೆಸಿದಳು.

‘ನಾನು ಮೊದ್ಲು ಕೊಟ್ಟೆ ಅಂತ ತಾನೆ ಅಜ್ಜಿ ಎಲ್ಲಾರ ಹತ್ರನೂ ತಕಂಡಿದ್ದು? ಈಗ ಇದ್ರಲ್ಲಿ ಯಾವ್ದು ನಂದು, ಯಾವ್ದು ಅಜ್ಜೀದು, ನೀವೇ ಹೇಳಿ’ ಎಂದಳು. ಯಾರ ಮುಖವೂ ಅವಳಿಗೆ ಕಾಣುತ್ತಿರಲಿಲ್ಲ, ಅದಕ್ಕೇ ಅಷ್ಟು ಧೈರ್ಯ ಬಂತೇನೋ ಎಂದು ಆಮೇಲೆ ನಾನು ರೇಗಿಸುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ನನಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅಳು ಬಂದುಬಿಟ್ಟಿತು.

ಕೊನೆಗೆ ಷೆಡ್ಡಿನವರು ತಾವು ಹೇಳಿದ್ದ ದುಡ್ಡನ್ನು ಒಟ್ಟಿಗೆ ಹಾಕಿ, ಬುಟ್ಟಿಯಲ್ಲಿದ್ದ ಅಷ್ಟೂ ನಟ್ಟಿಗೆ ಸಮನಾಗಿ ಭಾಗ ಮಾಡಿ, ಅಕ್ಕನಿಗೆ ಅವಳು ಮಾರಿದ ಕಾಯಿಗಳ ಲೆಕ್ಕಕ್ಕೆ, ಉಳಿದದ್ದೆಲ್ಲ ಅಜ್ಜಿಗೆ ಹಂಚಿದರು. ಅಜ್ಜಿಗೆ ಅಕ್ಕಿಗಾಯಿತು. ಅಕ್ಕನಿಗೆ ಮಂಡಿಯವನು ಕೊಡುತ್ತೇನೆ ಎಂದದ್ದಕ್ಕಿಂತಲೂ ಕಡಿಮೆ ಬಂತು. ಅದರಲ್ಲಿ ಕನ್ನಡಕದ ಒಂದು ಗಾಜೂ ಬರುತ್ತಿರಲಿಲ್ಲ. ಅಪ್ಪ ಗಾಡಿಯ ಮೂಕಿ ಹಿಡಿದು ನೆಲ ನೋಡುತ್ತಿದ್ದ.

ಆಗ ಲೇತ್ ಮಾಮ ಅಪ್ಪನ ಹತ್ತಿರ ಬಂದರು. ‘ಕನ್ನಡಕಕ್ಕ ಕಡಿಮಿ ಬಿದ್ದಿದ್ದನ್ನ ನಾ ಕೊಡ್ತೀನ್ರಿ. ಮುಂದಿನ ವರ್ಷದ ಕಾಯಿ ನನ್ನವು’ ಎಂದರು.

‘ಇನ್ನೂ ಬಿತ್ತೇ ಇಲ್ವಲ್ಲ ಸ್ವಾಮಿ’ ಎಂದ ಅಪ್ಪ.

‘ನಾನೂ ಆಗಿನ್ನೂ ಏನೂ ಮಾಡಿದ್ದಿಲ್ಲ. ಬ್ಯಾಂಕಿನವರು ಎದುರ ಕುಂದ್ರಿಸಿಕೊಂಡು ಎರಡು ಮಾತು ಕೇಳಿದ್ರು, ಈ ಮನಷಾ ದುಡಿತಾನ ಅಂತ ಲೇತಿಗೆ ರೊಕ್ಕ ಕೊಟ್ರು. ಈ ಹುಡುಗಿನ್ನ ನಾ ಈಗ ಕಣ್ಣಾರೆ ನೋಡಿನಿ. ಮತ್ತೇನ ಕೇಳೂದೈತಿ?’

ನಮ್ಮ ಮನೆಯ ಗೋಡೆಯ ಮೇಲೆ, ಸಗಣಿಯ ಬೆರಣಿಯೊಳಗೆ ಅಂಟಿಸಿಟ್ಟ ಬೀಜಗಳು ಆಗ ಮಲಗಿದ್ದವು. ಅವು ಇನ್ನೂ ಮಳೆ ಕಂಡಿರಲಿಲ್ಲ, ಮಣ್ಣು ಕಂಡಿರಲಿಲ್ಲ. ಆ ಬೀಜಗಳ ಬಳ್ಳಿಯಲ್ಲಿ ಬಿಡಬೇಕಾದ ಕಾಯಿಗಳ ದುಡ್ಡಿನಲ್ಲಿ ಅಕ್ಕನ ಕನ್ನಡಕ ಬಂತು. ಪೇಟೆಯಿಂದ ಬಸ್ಸಿನಲ್ಲಿ ಬರುವಾಗ ಅವಳು ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬಂದಳು. ಕಂಡಕ್ಟರು, ‘ಸಾಕು ಕಣಮ್ಮ, ನಾನು ಸ್ಟಾಪ್ ಹೇಳ್ಬೇಕು’ ಎಂದು ನಕ್ಕರು. ಊರು ಬಂದಾಗ ಸಂಜೆ. ಷೆಡ್ಡುಗಳ ದೀಪ ಹತ್ತಿತ್ತು. ಅಕ್ಕ ಬಹಳ ಹೊತ್ತು ನೋಡಿ, ‘ಅಯ್ಯೋ, ಇಷ್ಟು ಚಿಕ್ಕವಾ ಇವು?’ ಎಂದಳು.

ಮುಂದಿನ ವರ್ಷ ಮುಂಗಾರು ತಡವಾಯಿತು. ಅಕ್ಕ ಹೈಸ್ಕೂಲಿಗೆ ಹೋಗುವ ಮೊದಲು ಬಾವಿಯಿಂದ ಕೊಡ ಕೊಡ ನೀರು ಹೊತ್ತು ಬಳ್ಳಿಗೆ ಹಾಕುತ್ತಿದ್ದಳು. ಗೆಳತಿಯರು ಆಟಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಹಗುರವಾಗಿ ನಗುತ್ತಿದ್ದ ಅಕ್ಕ ಆ ವರ್ಷ ಸ್ವಲ್ಪ ದೊಡ್ಡವಳಾದಳು. ಬಿಟ್ಟ ಕಾಯಿಗಳನ್ನು ಹಬ್ಬಕ್ಕೆ ಮುಂಚೆಯೇ ಲೇತ್ ಮಾಮನ ಬಾಗಿಲಿಗೆ ಇಳಿಸಿ ಬಂದ ದಿನ ಅವಳು ಸಂಜೆಗೇ ಮಲಗಿ, ಬಿಸಿಲು ಏರುವವರೆಗೂ ನಿದ್ದೆ ಮಾಡಿದಳು. ಅಪ್ಪ ಯಾರನ್ನೂ ಸದ್ದು ಮಾಡಲು ಬಿಡಲಿಲ್ಲ.

ನಿಮ್ಮ ಲೋಕ ಬೇರೆ. ನೀವು ಇರುವುದು ವೈಟ್‌ಫೀಲ್ಡಿನ ಎತ್ತರದ ಮಹಡಿಯಲ್ಲಿ, ಮೋಡದ ಪಕ್ಕ. ಬೂದುಗುಂಬಳ ಬೇಕೆಂದರೆ ಫೋನು ಒತ್ತುತ್ತೀರಿ, ತುಂಡು ಮಾಡಿ ಪ್ಲಾಸ್ಟಿಕ್ ಸುತ್ತಿದ್ದು ಬಾಗಿಲಿಗೆ ಬರುತ್ತದೆ. ದುಡ್ಡು ಟಿಂಗ್ ಎಂದು ಹೋಗುತ್ತದೆ, ಯಾವ ಪೆಟ್ಟಿಗೆಯೂ ತೆರೆಯಬೇಕಿಲ್ಲ, ಯಾವ ಹಬ್ಬಕ್ಕೂ ಅದು ನಿಲ್ಲುವುದಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು, ‘ಈ ಮನೆ ನಮ್ದಾ, ಬ್ಯಾಂಕಿಂದಾ ತಾತ?’ ಎಂದು ಕೇಳಿದಳು. ನಿಮ್ಮದೇ ಪುಟ್ಟಿ. ಆದರೆ ಇನ್ನೂ ಬರದ ವರ್ಷಗಳ ದುಡಿಮೆಯನ್ನು ನಂಬಿ ಬ್ಯಾಂಕಿನವರು ಕೊಟ್ಟ ದುಡ್ಡಿನಲ್ಲಿ ಬಂದ ಮನೆ ಇದು. ಆ ವರ್ಷಗಳು ನಿಮ್ಮ ಅಪ್ಪ ಅಮ್ಮನವು. ಅದಕ್ಕೇ ನೀವು ಏಳುವ ಮೊದಲೇ ನಿಮ್ಮಮ್ಮ ಕಂಪನಿ ಕ್ಯಾಬು ಹತ್ತಿರುತ್ತಾಳೆ. ಭಾನುವಾರ ಅವಳು ಇನ್ನೂ ಮಲಗಿದ್ದರೆ ಕದ ಬಡಿಯಬೇಡಿ. ಬನ್ನಿ, ನನ್ನ ಕೋಣೆಯಲ್ಲಿ ಮೆತ್ತಗೆ ಆಡಿ.