ಕೋಲರ್ ಗುಡ್ಡದ ಕೊನೆಯ ಸ್ಪ್ರೂಸ್

ಟಿಲ್ಲಿ ಬ್ರಾಂಡೆಸ್ ಫೆಬ್ರವರಿಯ ಎರಡನೆಯ ವಾರ ತೀರಿಕೊಂಡಳು. ಬೆಳಿಗ್ಗೆ ಒಲೆಗೆ ಸೌದೆ ಒಟ್ಟುತ್ತಿದ್ದವಳು ಅಲ್ಲೇ ಕುಸಿದಿದ್ದಳು. ಸಂಸ್ಕಾರದ ದಿನ ಪಾದ್ರಿಗಳು ಒಳ್ಳೆಯ ಮಾತುಗಳನ್ನೇ ಆಡಿದರು. ಹದಿನಾರನೆಯ ವಯಸ್ಸಿಗೆ ಗುದ್ದಲಿ ಹಿಡಿದವಳು, ನಮ್ಮ ಹಾರ್ತ್ಸ್ ಬೆಟ್ಟಗಳ ಅರ್ಧ ಹಸಿರು ಇಂಥ ಹೆಂಗಸರ ಬೆನ್ನಿನ ಮೇಲೆ ಬೆಳೆದದ್ದು ಎಂದರು. ನವೆಂಬರಿನ ವಿಷಯವನ್ನು ಮಾತ್ರ ಎತ್ತಲಿಲ್ಲ. ಅದು ಅವರ ದೊಡ್ಡತನವೆಂದು ಸೇರಿದವರು ತಲೆಯಾಡಿಸಿದರು. ನನಗೆ ಹಾಗನಿಸಲಿಲ್ಲ. ನಲವತ್ತು ವರ್ಷ ಅವಳ ಗೆಳತಿಯಾಗಿದ್ದೆ. ಆ ಐದು ದಿನಗಳನ್ನು ಬಿಟ್ಟು ಅವಳ ಬದುಕನ್ನು ಹೇಳಿದರೆ ಅದು ಇನ್ಯಾರದೋ ಬದುಕಾಗುತ್ತದೆ.

ಅವಳು ಕುಳ್ಳಗೆ, ಅಗಲ ಹೆಗಲಿನವಳು. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ಬಿಟ್ಟುಹೋದ. ಅದರ ಬಗ್ಗೆ ಕೇಳಿದರೆ, “ನೆಟ್ಟ ಜಾಗ ಸರಿ ಇರಲಿಲ್ಲ,” ಎಂದು ಮಾತು ಮುಗಿಸುತ್ತಿದ್ದಳು. ನಾನು ಊರಿನ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಚಳಿಗಾಲದಲ್ಲಿ ಕಾಡಿನ ಕೆಲಸ ನಿಂತಾಗ ಬಂದು ಒಲೆಯ ಪಕ್ಕ ಕೂತು ದಪ್ಪದಪ್ಪ ಕಾದಂಬರಿ ಓದುತ್ತಿದ್ದಳು. ಲೇಖಕ ಮರದ ಹೆಸರು ತಪ್ಪು ಹೇಳಿದ್ದರೆ ಪುಸ್ತಕವನ್ನು ಅಲ್ಲಿಗೇ ಮುಚ್ಚಿ ವಾಪಸು ಕೊಡುತ್ತಿದ್ದಳು.

ಮರದ ವಿಷಯದಲ್ಲಿ ಅವಳ ಮಾತೇ ಕೊನೆ. ಅರಣ್ಯಾಧಿಕಾರಿಗಳು ಐದು ಮಂದಿ ಬಂದುಹೋದರು. ಎಲ್ಲರೂ ಅವಳ ಮಾತನ್ನು ನಂಬಿಯೇ ಕಾಗದಕ್ಕೆ ಸಹಿ ಹಾಕಿದವರು.

ನಮ್ಮೂರು ಹೋಲ್‌ಟಾಲ್‌ನಲ್ಲಿ ಚೌಕದ ಕ್ರಿಸ್‌ಮಸ್ ಮರವನ್ನು ಆರಿಸುವುದು ಗಿಡ ನೆಡುವ ಹೆಂಗಸರು. ಅವರಲ್ಲಿ ಒಬ್ಬಳು ಕಾಂಡದ ಮೇಲೆ ಅಂಗೈಯಿಟ್ಟು “ಇದು” ಎನ್ನಬೇಕು. ಆಮೇಲೆಯೇ ಗರಗಸ. ಅಂಗೈ ಬೀಳುವುದು ಕಾಡಿನ ಅತಿ ಚೆಂದದ ಮರದ ಮೇಲಲ್ಲ. ಒತ್ತಾಗಿ ಬೆಳೆದ ಎರಡು ಮರಗಳಲ್ಲಿ ಒಂದು ಇನ್ನೊಂದಕ್ಕೆ ಜಾಗ ಬಿಡಬೇಕಾಗುತ್ತದೆ. ಹೇಗೂ ಹೋಗಬೇಕಾದ ಆ ಮರವೇ ದೀಪ ಹೊತ್ತು ಚೌಕಕ್ಕೆ ಬರುತ್ತದೆ. ಹದಿನೆಂಟು ವರ್ಷಗಳಿಂದ ಆ ಅಂಗೈ ಟಿಲ್ಲಿಯದಾಗಿತ್ತು.

ಆಮೇಲೆ ಮಳೆಯಿಲ್ಲದ ಮೂರು ಬೇಸಿಗೆಗಳು ಬಂದವು. ತೊಗಟೆ ಹುಳು ಬಿತ್ತು. ಟಿಲ್ಲಿ ಮತ್ತು ಅವಳ ಜೊತೆಯವರು ನೆಟ್ಟ ಸೂಜಿ ಎಲೆಯ ಸ್ಪ್ರೂಸ್‌ಗಳು ಗುಡ್ಡಕ್ಕೆ ಗುಡ್ಡವೇ ಬೂದು ಬಣ್ಣಕ್ಕೆ ತಿರುಗಿ ನಿಂತವು. ಸತ್ತ ಮರಗಳನ್ನು ಯಂತ್ರಗಳು ಕಡಿದು ಸಾಗಿಸಿದವು. ಕಳೆದ ಶರತ್ಕಾಲದ ಹೊತ್ತಿಗೆ ಊರಿನ ಪಾಲಿನ ಕೋಲರ್ ಗುಡ್ಡದಲ್ಲಿ ಹಸಿರಾಗಿ ಉಳಿದಿದ್ದದ್ದು ಒಂದೇ ಸ್ಪ್ರೂಸ್. ಅದು ಯಾಕೆ ಬದುಕಿತೆಂದು ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಅದರ ತುದಿಯಲ್ಲಿ ಕೊಂಬೆ ಬಾಗುವಷ್ಟು ಕಾಯಿ ಹಿಡಿದಿತ್ತು. ಬೀಜ ಉದುರುವುದು ಚಳಿಗಾಲ ಕಳೆಯುವ ಹೊತ್ತಿಗೆ. ಅಲ್ಲಿಯವರೆಗೆ ಮರ ನಿಂತಿರಬೇಕು. ಟಿಲ್ಲಿಗೆ ಬೇಕಾಗಿದ್ದದ್ದು ಅಷ್ಟೇ.

ನವೆಂಬರಿನ ಆ ಶನಿವಾರ ಅದೇ ಗುಡ್ಡದಲ್ಲಿ ಬೀಚ್ ಮತ್ತು ಮೇಪಲ್ ಸಸಿ ನೆಡುತ್ತಿದ್ದೆವು. ಬೇರಿಗೆ ಮಣ್ಣಿಲ್ಲದ ಸಸಿಗಳು, ಒದ್ದೆ ಗೋಣಿಯಲ್ಲಿ ಸುತ್ತಿ ಬಂದಿದ್ದವು. ಗಾಳಿಗೆ ಹತ್ತು ನಿಮಿಷ ಒಡ್ಡಿದರೆ ಬೇರಿನ ಎಳೆಗಳು ಒಣಗುತ್ತವೆ. ಬುಧವಾರದಿಂದ ನೆಲ ಹೆಪ್ಪುಗಟ್ಟುತ್ತದೆಂದು ರೇಡಿಯೋ ಹೇಳಿತ್ತು. ನಾನು ಗೋಣಿ ಹಿಡಿದು ಹಿಂದೆ ನಡೆಯುತ್ತಿದ್ದೆ, ಅವಳು ಒಂದೇ ಏಟಿಗೆ ನೆಲ ಸೀಳಿ, ಸಸಿ ಇಳಿಸಿ, ಹಿಮ್ಮಡಿಯಲ್ಲಿ ಒತ್ತಿ ಮುಂದಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಊರಿನ ಮೇಯರ್ ಹೆನಿಂಗ್ ಆರ್‌ಬೆಕ್ ಏದುಸಿರು ಬಿಡುತ್ತ ಮೇಲೆ ಬಂದ. ಚಿಕ್ಕವನಿದ್ದಾಗ ಟಿಲ್ಲಿಯ ಹಿತ್ತಿಲಲ್ಲಿ ಚೆರಿ ಕದ್ದವನು, ಈಗ ಐವತ್ತು ದಾಟಿದೆ.

“ಟಿಲ್ಲಿ ಚಿಕ್ಕಮ್ಮ, ಇನ್ನೂ ಎಷ್ಟು ಸಸಿ ಇದೆ?”

“ನೀನು ನಿಂತು ನೋಡಿದ್ರೆ ಕಮ್ಮಿ ಆಗಲ್ಲ. ಗುದ್ದಲಿ ತಗೋ.”

“ಸೊಂಟ ಹಿಡ್ಕೊಂಡಿದೆ.”

“ಬಿಯರ್ ಪೀಪಾಯಿ ಎತ್ತುವಾಗ ಬಿಟ್ಕೊಳತ್ತಲ್ಲ ಅದು.”

ಅವನು ನಕ್ಕು ಆ ಹಸಿರು ಮರದ ಕಡೆ ನೋಡಿದ. ನಾನು ಟಿಲ್ಲಿಯ ಕೈ ನೋಡಿದೆ. ಗುದ್ದಲಿ ನಿಂತಿತ್ತು.

“ಈ ಸಲ ಚೌಕಕ್ಕೆ ಇದೇ ಅಂತ ಸಮಿತಿಯವರೆಲ್ಲ ಒಪ್ಪಿದಾರೆ,” ಎಂದ ಹೆನಿಂಗ್. “ಸೋಮವಾರಕ್ಕೆ ಕ್ರೇನ್ ಹೇಳಿದೀನಿ. ನೀವು ಬಂದು ಕೈ ಇಟ್ಬಿಡಿ, ಸಾಕು.”

“ಅದೊಂದೇ ಇರೋದು.”

“ಅದಕ್ಕೇ ಹೇಳ್ತಿರೋದು. ಬರೋ ಬೇಸಿಗೆಗೆ ಅದೂ ಹೋಗತ್ತೆ, ನಿಮಗೆ ಗೊತ್ತಿಲ್ವಾ? ಒಂದು ಸಲ ದೀಪ ಹೊತ್ಕೊಂಡು ಮರ್ಯಾದೆಯಾಗಿ ಹೋಗ್ಲಿ. ಇಲ್ಲಾಂದ್ರೆ ಸೌವರ್‌ಲಾಂಡಿನ ತೋಟದಿಂದ ಬಲೆ ಸುತ್ತಿದ ಫರ್ ಮರ ತರಿಸ್ಬೇಕು. ನಮ್ಮ ಚೌಕದಲ್ಲಿ ಹೊರಗಿನ ಮರ. ನಮ್ಮಜ್ಜ ಎದ್ದು ಬಂದು ಬೈತಾನೆ.”

ಟಿಲ್ಲಿ ಮರದ ಹತ್ತಿರ ಹೋದಳು. ನಾವಿಬ್ಬರೂ ಹಿಂದೆ ಹೋದೆವು. ಜೇಬಿನ ಚಾಕು ತೆಗೆದು ತೊಗಟೆಯ ಒಂದು ಚಕ್ಕೆ ಎಬ್ಬಿಸಿದಳು. ಹೆನಿಂಗ್ ಮೂರು ಹೆಜ್ಜೆ ಹಿಂದಿದ್ದ, ನಾನು ಪಕ್ಕದಲ್ಲಿದ್ದೆ. ಚಕ್ಕೆಯ ಒಳಮೈ ಸ್ವಚ್ಛವಾಗಿತ್ತು. ಹುಳುವಿನ ಒಂದು ಗೆರೆಯೂ ಇರಲಿಲ್ಲ. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿ ಜೇಬಿಗೆ ಹಾಕಿದಳು.

“ಹುಳು ಬಿದ್ದಿದೆ,” ಎಂದಳು. “ಒಳಗೆ ಮಲಗಿವೆ. ಇದನ್ನ ಊರಿಗೆ ತರೋ ಹಾಗಿಲ್ಲ.”

ಹೆನಿಂಗ್‌ನ ಮುಖ ಇಳಿಯಿತು. ನನ್ನ ಕಡೆ ತಿರುಗಿದ. “ನೀವೂ ನೋಡಿದ್ರಾ ಗೆಸೀನೆ?”

“ನೋಡಿದೆ,” ಎಂದೆ.

ಅವನು ಇಳಿದುಹೋದ. ಟಿಲ್ಲಿ ಗುದ್ದಲಿ ಎತ್ತಿಕೊಂಡಳು. ಸಂಜೆಯವರೆಗೆ ಅವಳ ಸಾಲು ಒಮ್ಮೆಯೂ ಸೊಟ್ಟಗಾಗಲಿಲ್ಲ.

ಮರುದಿನ ಸತ್ತವರನ್ನು ನೆನೆಯುವ ಭಾನುವಾರ. ಗೋರಿಗಳ ಮೇಲೆ ಸೊಪ್ಪು ಹೊದಿಸಿ ಎಲ್ಲರೂ ಮನೆಗೆ ಮರಳುವ ಹೊತ್ತಿನಲ್ಲಿ ಟಿಲ್ಲಿ ನಮ್ಮ ಅಡುಗೆಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ. ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. ಅರಣ್ಯಾಧಿಕಾರಿ ಯೋರ್ನ್‌ನ ಸಂದೇಶವಿತ್ತು. ಹೆನಿಂಗ್ ವಿಷಯ ತಿಳಿಸಿದ, ಧನ್ಯವಾದ, ಯಂತ್ರ ಪಕ್ಕದ ಇಳಿಜಾರಿನಲ್ಲೇ ಇದೆ, ಹುಳು ಏಳುವ ಮುಂಚೆ ಆ ಮರವನ್ನೂ ತೆಗೆಸುತ್ತೇನೆ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ.

ಹುಳು ಬಿದ್ದ ಮರ ಊರಿಗೆ ಬರಬಾರದು ಎಂಬ ನಿಯಮ ಅವಳಿಗೆ ನೆನಪಿತ್ತು. ಹುಳು ಬಿದ್ದ ಮರ ಕಾಡಿನಲ್ಲೂ ನಿಲ್ಲಬಾರದು ಎಂಬುದು ಅದೇ ನಿಯಮದ ಮುಂದಿನ ಸಾಲು. ಮೂರು ವರ್ಷಗಳಲ್ಲಿ ಸಾವಿರಾರು ಮರಗಳ ಮುಂದೆ ಅವಳೇ ನಿಂತು ಹೇಳಿದ ಸಾಲು. ಈ ಒಂದು ಮರದ ಮುಂದೆ ಅದು ಮರೆತುಹೋಗಿತ್ತು.

“ಕಣ್ಣು ತಪ್ಪಾಯ್ತು ಅಂತ ಫೋನ್ ಮಾಡು,” ಎಂದೆ.

“ನಂಬಲ್ಲ. ನನ್ನ ಕಣ್ಣು ಯಾವತ್ತು ತಪ್ಪಾಗಿದೆ? ಮುದುಕಿಗೆ ಮರ ಬಿಡೋಕೆ ಮನಸ್ಸಿಲ್ಲ ಅಂದ್ಕೊಂಡು ಕಡಿಸೇ ಬಿಡ್ತಾನೆ.”

“ಮತ್ತೆ?”

“ಸುಳ್ಳು ಹೇಳಿದೆ ಅಂತಲೇ ಹೇಳ್ಬೇಕು. ಸುಳ್ಳು ಅಂತ ಹೇಳಿದ್ರೆ ಹೆನಿಂಗ್ ಮತ್ತೆ ಕ್ರೇನ್ ತರ್ತಾನೆ.” ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಹೇಳದಿದ್ರೆ ಯಂತ್ರ, ಹೇಳಿದ್ರೆ ಕ್ರೇನ್. ಒಳ್ಳೆ ಕೆಲಸ ಮಾಡಿದೆ ನೋಡು ನಾನು.”

“ಮಾಡಿದೆವು,” ಎಂದೆ.

“ನೀನು ಸುಮ್ನಿರು. ನಿಂಗೆ ತೊಗಟೆಗೂ ಪುಸ್ತಕದ ರಟ್ಟಿಗೂ ವ್ಯತ್ಯಾಸ ಗೊತ್ತಿಲ್ಲ.”

ಸೋಮವಾರ ಇಡೀ ದಿನ ನೆಟ್ಟೆವು. ಮಂಗಳವಾರ ನಾವು ಗುಡ್ಡ ಹತ್ತುವಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಯಂತ್ರದ ದೀಪಗಳು ಆಗಲೇ ಮರದ ಬುಡಕ್ಕೆ ಬಿದ್ದಿದ್ದವು. ಮರ ಹಿಡಿಯುವ ಅದರ ಉಕ್ಕಿನ ಕೈ ಅರ್ಧ ಮೇಲೆದ್ದಿತ್ತು. ಟಿಲ್ಲಿ ಓಡಿದಳು. ಎಪ್ಪತ್ತೊಂದರ ಹೆಂಗಸು ಹೊಸ ಸಸಿಗಳ ಸಾಲು ತಪ್ಪಿಸಿ ಓಡುವುದನ್ನು ನಾನು ನೋಡಿದೆ. ಆಗಲೂ ಒಂದು ಸಸಿಯನ್ನೂ ತುಳಿಯಲಿಲ್ಲ. ಹೋಗಿ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು.

ಯೋರ್ನ್ ಮೂವತ್ತರ ಹುಡುಗ. ಕೈಯೆತ್ತಿ ಯಂತ್ರ ನಿಲ್ಲಿಸಿದ. “ಏನಾಯ್ತು ಫ್ರೌ ಬ್ರಾಂಡೆಸ್?”

ಅವಳಿಗೆ ಉಸಿರು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. “ಹುಳು ಇಲ್ಲ. ಹೆನಿಂಗ್ ಕಡೀಬಾರ್ದು ಅಂತ ಸುಳ್ಳು ಹೇಳಿದೆ.”

“ಶನಿವಾರ ಇದೆ ಅಂದ್ರಿ. ಇವತ್ತು ಇಲ್ಲ ಅಂತೀರಿ. ನಾನು ಯಾವ ದಿನದ ಮಾತು ನಂಬ್ಲಿ?”

ಆ ಮಾತನ್ನು ಅವನು ಜೋರಾಗಿ ಹೇಳಲಿಲ್ಲ. ಆದರೂ ಅವಳು ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ಕಂಡೆ.

“ನನ್ನನ್ನ ನಂಬಬೇಡ,” ಎಂದಳು. “ನೋಡು.”

ಚಾಲಕ ಇಂಜಿನ್ ಆರಿಸಿದ. ಯೋರ್ನ್ ಗಾಡಿಯಿಂದ ಏಣಿ ತಂದ. ಹುಳು ಮೊದಲು ಹೊಗುವುದು ಮೇಲೆ, ಕೊಂಬೆಗಳು ಶುರುವಾಗುವಲ್ಲಿ. ಕೆಳಗೆ ಸ್ವಚ್ಛವಿದ್ದರೆ ಸಾಲದು. ಬುಡದಲ್ಲಿ ಅಂಗೈಯಗಲ ತೊಗಟೆ ಕೊರೆದು ತೆಗೆದ. ಬೆಳ್ಳಗಿತ್ತು. ಅರ್ಧಕ್ಕೆ ಹತ್ತಿ ಇನ್ನೊಂದು ಕೊರೆದ. ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ ಇನ್ನೂ ಮೇಲೆ ಹತ್ತಿದ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಮೂರನೆಯದನ್ನು ಕೊರೆಯುವಾಗ ಬಹಳ ಹೊತ್ತು ಹಿಡಿಯಿತು. ಟಿಲ್ಲಿ ಮೇಲೆ ನೋಡಲಿಲ್ಲ, ನನ್ನ ತೋಳನ್ನು ಹಿಡಿದಿದ್ದಳು. ಆ ಹಿಡಿತದ ಗುರುತು ಎರಡು ದಿನ ಹೋಗಲಿಲ್ಲ. ಹುಳು ನಿಜವಾಗಿಯೂ ಇದ್ದರೆ ಎಂಬ ಯೋಚನೆ ನನಗೆ ಬಂದದ್ದು ಆಗ. ಅವಳು ನೋಡಿದ್ದು ಒಂದು ಚಕ್ಕೆಯನ್ನಷ್ಟೇ.

“ಇಲ್ಲ,” ಎಂದ ಯೋರ್ನ್ ಮೇಲಿನಿಂದ. ಇಳಿದು ಬಂದು ಚಾಕು ಒರೆಸಿಕೊಂಡ. “ಮೇ ತಿಂಗಳ ತನಕ ನಾನು ಮುಟ್ಟಲ್ಲ. ಆದ್ರೆ ಹೆನಿಂಗ್‌ಗೆ ಕಾರಣ ಹೇಳ್ಬೇಕಾಗತ್ತೆ.”

“ನಾನೇ ಹೇಳ್ತೀನಿ.”

ಬುಧವಾರ ಸಂಜೆ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಹೇಳಿದಳು. ಚೌಕದ ಅಲಂಕಾರಕ್ಕೆಂದು ನಲವತ್ತು ಜನ ಸೇರಿದ್ದರು. ಎದ್ದು ನಿಂತು ನಾಲ್ಕು ವಾಕ್ಯಗಳಲ್ಲಿ ಮುಗಿಸಿದಳು. ಗೆಸೀನೆಗೆ ಏನೂ ಗೊತ್ತಿರಲಿಲ್ಲ, ಅವಳ ಕಣ್ಣು ಪುಸ್ತಕಕ್ಕೆ ಸರಿ, ತೊಗಟೆಗಲ್ಲ ಎಂದು ಸೇರಿಸಿದಳು. ಕೆಲವರು ನಕ್ಕರು. ನಾನು ಎದ್ದು ಅದು ಹಾಗಲ್ಲ ಎನ್ನಬೇಕಿತ್ತು. ಕೂತೇ ಇದ್ದೆ.

ಹೆನಿಂಗ್ ಕೆಂಪಾಗಿದ್ದ. “ಬೇಡ ಅಂತ ನೇರವಾಗಿ ಹೇಳಬಹುದಿತ್ತಲ್ಲ ಚಿಕ್ಕಮ್ಮ.”

“ಹೇಳಿದ್ರೆ ಬಿಡ್ತಿದ್ಯಾ?”

“ಇಲ್ಲ.” ಆಮೇಲೆ ಸಭೆಯ ಕಡೆ ತಿರುಗಿ, “ಸರಿ, ಹುಳು ಇಲ್ಲ ಅಂತಾಯ್ತಲ್ಲ. ಶುಕ್ರವಾರಕ್ಕೆ ಕ್ರೇನ್ ಸಿಗತ್ತೆ,” ಎಂದ.

“ತರಿಸು. ನಾನು ಕೈ ಇಡಲ್ಲ,” ಎಂದಳು ಟಿಲ್ಲಿ.

“ನೀವೇ ಇಡ್ಬೇಕಂತ ಇಲ್ಲ.” ಅವನು ಒಲೆಯ ಪಕ್ಕದ ಬೆಂಚಿನ ಕಡೆ ನೋಡಿದ. ಅಲ್ಲಿ ಹಾನ್ನೆ ಕ್ನೋಕೆ ಕೂತಿದ್ದಳು. ಎಂಬತ್ತನಾಲ್ಕು ವರ್ಷ, ಟಿಲ್ಲಿಗೆ ಗುದ್ದಲಿ ಹಿಡಿಯಲು ಕಲಿಸಿದವಳು. ನೆಡುವ ಹೆಂಗಸರಲ್ಲಿ ಅವರಿಬ್ಬರೇ ಉಳಿದಿದ್ದವರು. “ಹಾನ್ನೆ ಅಜ್ಜಿ, ಗಾಡಿಯಲ್ಲಿ ಕರ್ಕೊಂಡು ಹೋಗ್ತೀನಿ. ಒಂದು ನಿಮಿಷದ ಕೆಲಸ.”

ಹಾನ್ನೆ ಊರುಗೋಲಿನ ಮೇಲೆ ಎರಡೂ ಕೈಯಿಟ್ಟಳು. ಹಾಲ್ ಪೂರ್ತಿ ಅವಳನ್ನೇ ನೋಡುತ್ತಿತ್ತು. ಅವಳು ನೋಡಿದ್ದು ಟಿಲ್ಲಿಯನ್ನು.

“ನಾಚಿಕೆ ಆಗ್ಬೇಕು ನಿಂಗೆ,” ಎಂದಳು. “ಮರದ ಬಗ್ಗೆ ಸುಳ್ಳು. ಬೇರೆ ಯಾವುದರ ಬಗ್ಗೆ ಆದ್ರೂ ಹೇಳು, ಗಂಡಸರ ಬಗ್ಗೆ ಹೇಳು, ದುಡ್ಡಿನ ಬಗ್ಗೆ ಹೇಳು. ಇನ್ನು ಯಾರು ನಂಬ್ತಾರೆ ನಮ್ಮ ಮಾತು? ಇವತ್ತಿಂದ ಆರಿಸೋ ಕೈ ನಿಂದಲ್ಲ.”

ಟಿಲ್ಲಿ ಹೂಂ ಎಂದಳು.

“ಹಾಗಾದ್ರೆ ನೀವು ಬರ್ತೀರಿ,” ಎಂದ ಹೆನಿಂಗ್.

“ಯಾವ ಮರಕ್ಕೆ ಜಾಗ ಬಿಡೋಕೆ ಅದನ್ನ ಕಡೀತೀಯ?” ಎಂದು ಕೇಳಿದಳು ಹಾನ್ನೆ. “ಪಕ್ಕದಲ್ಲಿ ಏನಿದೆ?”

ಅವನ ಉತ್ತರಕ್ಕೆ ಹಾನ್ನೆ ಕಾಯಲಿಲ್ಲ.

“ಪಕ್ಕದಲ್ಲಿ ಮರ ಇಲ್ಲದ ಮರದ ಮೇಲೆ ನಾವು ಯಾವತ್ತೂ ಕೈ ಇಟ್ಟಿಲ್ಲ. ನಾನೂ ಇಡಲ್ಲ. ಪೇಟೆಯಿಂದ ತಂದ್ಕೊಂಡು ನಿಲ್ಲಿಸ್ಕೊಳ್ಳಿ.”

ಕೈ ಬೀಳದ ಮರವನ್ನು ನಮ್ಮ ಗುಡ್ಡದಿಂದ ಕಡಿಸುವ ಧೈರ್ಯ ಹೆನಿಂಗ್‌ಗಿರಲಿಲ್ಲ. ಇನ್ಯಾರಿಗೂ ಇರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳ ಮೊದಲ ಭಾನುವಾರಕ್ಕೆ ಬಲೆ ಸುತ್ತಿದ ಫರ್ ಲಾರಿಯಲ್ಲಿ ಬಂತು. ಮುಟ್ಟಿದರೂ ಚುಚ್ಚದ ಮೆತ್ತನೆಯ ಸೂಜಿಗಳು, ಅಳೆದು ಬೆಳೆಸಿದ ಆಕಾರ. ಬೇಕರಿಯ ಸಾಲಿನಲ್ಲಿ ಯಾರೋ, “ಟಿಲ್ಲಿ, ಚೌಕದ ಮರದಲ್ಲಿ ಹುಳು ಇದೆಯೋ ಇಲ್ವೋ, ಇಲ್ಲಾ ಇವತ್ತೊಂದು ನಾಳೆಯೊಂದೋ?” ಎಂದರು. ಅವಳು ರೊಟ್ಟಿ ತೆಗೆದುಕೊಂಡು ಮನೆಗೆ ಹೋದಳು. ಆ ಚಳಿಗಾಲದಲ್ಲಿ ಮರದ ಬಗ್ಗೆ ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ. ಹಿತ್ತಿಲಿನ ಸೇಬಿನ ಕೊಂಬೆ ಎಲ್ಲಿ ಕತ್ತರಿಸಬೇಕೆಂದು ಕೂಡ. ನನ್ನೊಡನೆಯೂ ಅವಳು ಅದನ್ನು ಹೇಳಿಕೊಳ್ಳಲಿಲ್ಲ. ಹಿಮದಲ್ಲೇ ವಾರಕ್ಕೊಮ್ಮೆ ಗುಡ್ಡ ಹತ್ತಿ, ಯೋರ್ನ್ ಕೊರೆದ ಮೂರು ಗಾಯಗಳಿಗೆ ಅಂಟು ಬಂದಿದೆಯೇ ಎಂದು ನೋಡಿ ಬರುತ್ತಿದ್ದಳು.

ಬೀಜ ಉದುರಿದ್ದು ಮಾರ್ಚಿನಲ್ಲಿ. ಅವಳು ನೋಡಲಿಲ್ಲ. ಬಿಸಿಲಿಗೆ ಕಾಯಿ ಬಿರಿಯುವ ಸದ್ದು ಕೇಳಿಸುತ್ತಿತ್ತು. ಹಳೆಯ ಹಿಮದ ಮೇಲೆ ರೆಕ್ಕೆಯ ಬೀಜಗಳು ಕಂದು ಚುಕ್ಕೆಗಳಂತೆ ಬಿದ್ದಿದ್ದವು.

ಈಗ ಮೇ. ಹುಳು ಹಾರುವ ಕಾಲ. ಟಿಲ್ಲಿಯ ಬದಲು ವಾರಕ್ಕೊಮ್ಮೆ ನಾನು ಹೋಗುತ್ತೇನೆ. ಹುಳು ಕೊರೆದರೆ ತೊಗಟೆಯ ಸಂದಿನಲ್ಲಿ ಕಾಫಿ ಪುಡಿಯಂಥ ಹುಡಿ ಕಾಣುತ್ತದೆ. ಮೊನ್ನೆ ಭೂತಗನ್ನಡಿ ಹಿಡಿದು ಬುಡದ ಸುತ್ತ ಮಂಡಿಯೂರಿ ನೋಡಿದೆ. ಇರಲಿಲ್ಲ. ಮನೆಗೆ ಬಂದು ಯೋರ್ನ್‌ಗೆ “ಹುಡಿ ಇಲ್ಲ” ಎಂದು ಬರೆದೆ. ನವೆಂಬರಿನ ಆ ಶನಿವಾರ ತೊಗಟೆ ಸ್ವಚ್ಛವಾಗಿದ್ದದ್ದು ನನಗೂ ಕಂಡಿತ್ತು, ಅವಳು ಹೇಳಿದ್ದು ಸುಳ್ಳೆಂದು ಗೊತ್ತಿದ್ದೇ ನಾನೂ ಅದಕ್ಕೆ ದನಿಗೂಡಿಸಿದೆ ಎಂಬುದನ್ನೂ ಬರೆದೆ. ಆರು ತಿಂಗಳು ತಡವಾಗಿ.

ಅವನ ಉತ್ತರ ಬಂದದ್ದು ಮರುದಿನ. ಮರದ ನಾಲ್ಕೂ ಕಡೆಯ ಫೋಟೋ ತೆಗೆದು ಕಳಿಸಿ ಎಂದಿದ್ದ. ಟಿಲ್ಲಿಯ ಮಾತಿಗೆ ಅರಣ್ಯದವರು ಎಂದೂ ಫೋಟೋದ ಸಾಕ್ಷಿ ಕೇಳಿದವರಲ್ಲ. ಇವತ್ತು ಬೆಳಿಗ್ಗೆ ಮತ್ತೆ ಹತ್ತಿ ತೆಗೆದು ಕಳಿಸಿದೆ.